ಮೊದಲ ದೇಹದಾರ್ಢ್ಯ ಸ್ಪರ್ಧೆ: ವಿಭಾಗದ ಆಯ್ಕೆಯಿಂದ ವೇದಿಕೆಯವರೆಗೆ ಸಮಗ್ರ ಮಾರ್ಗದರ್ಶಿ

ಮೊದಲ ಸಲ ವೇದಿಕೆ ಹತ್ತುವವರಲ್ಲಿ ಹೆಚ್ಚಿನವರು ಹಿಂದೆ ಬೀಳುವುದು ಸ್ನಾಯು ಸಾಲದ್ದರಿಂದ ಅಲ್ಲ, ಕೆಲಸಗಳ ಕ್ರಮ ತಲೆಕೆಳಗಾದದ್ದರಿಂದ. ಮೊದಲು ಊಟ ಕಡಿಮೆ ಮಾಡುತ್ತಾರೆ. ಆಮೇಲೆ ಸ್ಪರ್ಧೆ ಹುಡುಕುತ್ತಾರೆ. ಹೆಸರು ಕೊಟ್ಟ ಮೇಲೆ ತಮ್ಮ ವಿಭಾಗ ಯಾವುದೆಂದು ವಿಚಾರಿಸುತ್ತಾರೆ. ಪೋಸ್ ಕಲಿಯುವುದನ್ನು ಕೊನೆಯ ವಾರಕ್ಕೆ ಬಿಟ್ಟಿರುತ್ತಾರೆ. ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಅನುಸರಿಸಿ. ಪರಿಭಾಷೆಯನ್ನು ಬೇರೆ ಪಟ್ಟಿಯಾಗಿ ಕೊಟ್ಟಿಲ್ಲ. ಯಾವ ಹಂತದಲ್ಲಿ ಯಾವ ಪದ ಕಿವಿಗೆ ಬೀಳುತ್ತದೋ ಅಲ್ಲಿಯೇ ಅದರ ವಿವರಣೆ ಇದೆ.

ಹಂತ 1: ಮೊದಲು ವಿಭಾಗ, ಆಮೇಲೆ ಉಳಿದದ್ದು

ದೇಹದಾರ್ಢ್ಯ ಎಂಬ ಒಂದೇ ಹೆಸರಿನಡಿ ಹಲವು ವಿಭಾಗಗಳಿವೆ. ಒಂದರಲ್ಲಿ ಮೆಚ್ಚುಗೆ ಪಡೆಯುವ ದೇಹ ಇನ್ನೊಂದರಲ್ಲಿ ಕೊನೆಯ ಸ್ಥಾನಕ್ಕೆ ಇಳಿಯಬಹುದು.

ಪುರುಷರಿಗೆ ಮುಖ್ಯವಾಗಿ ಮೂರು ದಾರಿಗಳು. ಬಾಡಿಬಿಲ್ಡಿಂಗ್ ವಿಭಾಗದಲ್ಲಿ ಗಾತ್ರ, ಕೊಬ್ಬಿಲ್ಲದ ಗಡಸುತನ ಮತ್ತು ಇಡೀ ದೇಹದ ಸಮತೋಲನ ಮೂರೂ ಬೇಕು. ಸ್ಪರ್ಧಿಗಳನ್ನು ಸಾಮಾನ್ಯವಾಗಿ ತೂಕದ ಮೇಲೆ ವಿಂಗಡಿಸುತ್ತಾರೆ. ಕ್ಲಾಸಿಕ್ ಫಿಸೀಕ್‌ನಲ್ಲಿ ಎತ್ತರಕ್ಕೆ ತಕ್ಕಂತೆ ತೂಕಕ್ಕೊಂದು ಮಿತಿ ಇರುತ್ತದೆ. ಅಲ್ಲಿ ಸಣ್ಣ ಸೊಂಟ, ಅಗಲ ಭುಜ ಮತ್ತು ಸೊಗಸಾದ ರೇಖೆಗೆ ಬೆಲೆ. ಮೆನ್ಸ್ ಫಿಸೀಕ್‌ನಲ್ಲಿ ಸ್ಪರ್ಧಿಗಳು ಬೋರ್ಡ್ ಶಾರ್ಟ್ಸ್ ತೊಡುತ್ತಾರೆ, ತೊಡೆಯ ಬಹುಭಾಗ ಮುಚ್ಚಿರುತ್ತದೆ, ಸ್ನಾಯು ಉಬ್ಬಿಸುವ ಕಡ್ಡಾಯ ಪೋಸ್‌ಗಳಿರುವುದಿಲ್ಲ.

ಮಹಿಳೆಯರಿಗೆ ಬಿಕಿನಿ, ವೆಲ್‌ನೆಸ್, ಫಿಗರ್, ಫಿಸೀಕ್, ಬಾಡಿಬಿಲ್ಡಿಂಗ್ ವಿಭಾಗಗಳಿವೆ. ಬಿಕಿನಿಯಲ್ಲಿ ಸ್ನಾಯು ಹದವಾಗಿದ್ದರೆ ಸಾಕು, ಅತಿಯಾದ ಗಡಸುತನಕ್ಕೆ ಅಂಕ ಕಳೆಯುತ್ತದೆ. ವೆಲ್‌ನೆಸ್‌ನಲ್ಲಿ ತೊಡೆ ಮತ್ತು ನಿತಂಬ ಮೇಲ್ಭಾಗಕ್ಕಿಂತ ತುಂಬಿರಬೇಕು. ಫಿಗರ್‌ನಲ್ಲಿ ಅಗಲ ಭುಜ, ಸಣ್ಣ ಸೊಂಟ ಮತ್ತು ಸ್ಪಷ್ಟವಾಗಿ ಕಾಣುವ ಸ್ನಾಯು ಬೇಕು.

ಆಯ್ಕೆ ಮಾಡುವ ಬಗೆ ಹೀಗೆ: ಮುಂದೆ, ಹಿಂದೆ, ಎರಡೂ ಪಕ್ಕ, ಒಟ್ಟು ನಾಲ್ಕು ಫೋಟೊ ತೆಗೆಸಿಕೊಳ್ಳಿ. ಮುಖದ ಮೇಲೆ ಬೆರಳಿಟ್ಟು ಮುಚ್ಚಿ, ದೇಹವನ್ನು ಮಾತ್ರ ನೋಡಿ. ಆ ದೇಹ ಇಂದು ಯಾವ ವಿಭಾಗಕ್ಕೆ ಹತ್ತಿರವಿದೆ ಎಂಬುದೇ ಪ್ರಶ್ನೆ. ಮೆಚ್ಚಿನ ಪಟು ಯಾವ ವಿಭಾಗದವರು ಎಂಬುದಕ್ಕೆ ಇಲ್ಲಿ ಜಾಗವಿಲ್ಲ. ಕಾಲಿನ ತರಬೇತಿ ತಪ್ಪಿಸಿಕೊಳ್ಳಲೆಂದೇ ಮೆನ್ಸ್ ಫಿಸೀಕ್ ಆರಿಸುವವರಿದ್ದಾರೆ. ಮೀನಖಂಡ ಅಲ್ಲಿಯೂ ಕಾಣುತ್ತದೆ, ತೀರ್ಪುಗಾರರು ನೋಡುತ್ತಾರೆ.

ಹಂತ 2: ನಿಯಮ ಪುಸ್ತಕ ಓದಿ

ಈ ಕ್ರೀಡೆಗೆ ಜಗತ್ತಿನಾದ್ಯಂತ ಒಂದೇ ಆಡಳಿತ ಸಂಸ್ಥೆ ಇಲ್ಲ. ಹೆಸರು ಕೇಳಿ ಒಂದೇ ಎಂದುಕೊಳ್ಳುವ ಸಂಸ್ಥೆಗಳೂ ಬೇರೆ ಬೇರೆ: ಅಂತಾರಾಷ್ಟ್ರೀಯ ದೇಹದಾರ್ಢ್ಯ ಒಕ್ಕೂಟವಾದ ಐಎಫ್‌ಬಿಬಿ ಮತ್ತು ವೃತ್ತಿಪರರ ಐಎಫ್‌ಬಿಬಿ ಪ್ರೊ ಲೀಗ್ 2017ರಿಂದ ಪ್ರತ್ಯೇಕವಾಗಿ ನಡೆಯುತ್ತಿವೆ. ಆದ್ದರಿಂದ ಕಡ್ಡಾಯ ಪೋಸ್‌ಗಳ ಸಂಖ್ಯೆ, ಉಡುಪಿನ ಅಳತೆ, ಬಣ್ಣದ ನಿಯಮ, ತೂಕ ನೋಡುವ ಸಮಯ ಇವನ್ನು ನೀವು ಸೇರಲಿರುವ ಸ್ಪರ್ಧೆಯ ನಿಯಮದಲ್ಲೇ ಓದಿ. ಜಿಮ್‌ನ ಹಿರಿಯರು ಹೇಳಿದ್ದು ಬೇರೊಂದು ಸಂಸ್ಥೆಯ ನಿಯಮವಿರಬಹುದು.

ಉದ್ದೀಪನ ಮದ್ದಿನ ಪರೀಕ್ಷೆ ಇದೆಯೇ ಎಂದು ಮೊದಲೇ ತಿಳಿದುಕೊಳ್ಳಿ. ನ್ಯಾಚುರಲ್ ಎಂದು ಕರೆದುಕೊಳ್ಳುವ ಸ್ಪರ್ಧೆಗಳಲ್ಲಿ ಮೂತ್ರ ಪರೀಕ್ಷೆಯ ಜೊತೆ ಕೆಲವೆಡೆ ಸುಳ್ಳು ಪತ್ತೆ ಪರೀಕ್ಷೆಯೂ ಇರುತ್ತದೆ, ಇಷ್ಟು ವರ್ಷ ಮದ್ದು ಮುಟ್ಟಿರಬಾರದು ಎಂಬ ಷರತ್ತೂ ಇರುತ್ತದೆ. ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಯಮ ಪಾಲಿಸುವ ಸಂಸ್ಥೆಯಾದರೆ ನಿಷೇಧಿತ ವಸ್ತುಗಳ ಪಟ್ಟಿ ಪ್ರತಿ ವರ್ಷ ಹೊಸದಾಗುತ್ತದೆ. ಡಬ್ಬಿಯ ಮೇಲೆ ಬರೆಯದ ವಸ್ತು ಒಳಗಿರುವ ಪೂರಕಗಳೂ ಮಾರುಕಟ್ಟೆಯಲ್ಲಿವೆ. ಗೊತ್ತಿಲ್ಲದೆ ತಿಂದೆ ಎಂಬ ಮಾತು ಸಾಮಾನ್ಯವಾಗಿ ಸ್ಪರ್ಧಿಯನ್ನು ಉಳಿಸುವುದಿಲ್ಲ.

ಹಂತ 3: ತೀರ್ಪುಗಾರರು ಏನು ನೋಡುತ್ತಾರೆ ಎಂದು ತಿಳಿಯಿರಿ

ಇಲ್ಲಿ ಯಾರೂ ತೋಳಿನ ಸುತ್ತಳತೆ ಅಳೆಯುವುದಿಲ್ಲ, ಎತ್ತಿದ ಭಾರ ಕೇಳುವುದಿಲ್ಲ. ಪಕ್ಕದಲ್ಲಿ ನಿಂತವರೊಡನೆ ಹೋಲಿಸಿ ಸ್ಥಾನ ಕೊಡುತ್ತಾರೆ, ಅಷ್ಟೇ. ಆ ಹೋಲಿಕೆಗೆ ಬಳಸುವ ಪದಗಳು ಇವು.

ಮಸ್ಕ್ಯುಲಾರಿಟಿ ಎಂದರೆ ಸ್ನಾಯುವಿನ ಒಟ್ಟು ಗಾತ್ರ ಮತ್ತು ತುಂಬು. ಸಿಮೆಟ್ರಿ ಎಂದರೆ ಎಡಬಲ, ಮೇಲೆಕೆಳಗೆ ಒಂದಕ್ಕೊಂದು ಹೊಂದುವುದು. ಪ್ರಪೋರ್ಷನ್ ಎಂದರೆ ಒಂದು ಅಂಗ ಇನ್ನೊಂದನ್ನು ನುಂಗದೆ ಅಳತೆಯಲ್ಲಿರುವುದು. ದೊಡ್ಡ ಎದೆಯ ಕೆಳಗೆ ಬಡಕಲು ಕಾಲು ಪ್ರಪೋರ್ಷನ್ ಕೊರತೆ. ಬಲ ಭುಜ ಎಡಕ್ಕಿಂತ ದಪ್ಪವಾಗಿದ್ದರೆ ಅದು ಸಿಮೆಟ್ರಿ ಕೊರತೆ. ಅಗಲ ಭುಜದಿಂದ ಸಣ್ಣ ಸೊಂಟಕ್ಕೆ ಇಳಿಯುವ ಆಕಾರಕ್ಕೆ ವಿ ಟೇಪರ್ ಎನ್ನುತ್ತಾರೆ. ಸೊಂಟದ ಕೆಳಗೆ ತೊಡೆ ಮತ್ತೆ ಅಗಲವಾದರೆ ಎಕ್ಸ್ ಫ್ರೇಮ್.

ಇನ್ನು ಕಂಡೀಷನಿಂಗ್. ಚರ್ಮದ ಕೆಳಗೆ ಕೊಬ್ಬು ಎಷ್ಟು ಕಡಿಮೆಯಿದೆ, ಸ್ನಾಯು ಎಷ್ಟು ಗಡುಸಾಗಿ ಕಾಣುತ್ತದೆ ಎಂಬುದು ಇದರ ತಿರುಳು. ಇದರೊಳಗೆ ಮೂರು ಪದಗಳಿವೆ. ಒಂದು ಸ್ನಾಯುವಿಗೂ ಪಕ್ಕದ ಸ್ನಾಯುವಿಗೂ ನಡುವೆ ಕಾಣುವ ಗೆರೆ ಸೆಪರೇಷನ್. ಒಂದೇ ಸ್ನಾಯುವಿನೊಳಗೆ ಎಳೆ ಎಳೆಯಾಗಿ ಕಾಣುವುದು ಸ್ಟ್ರೈಯೇಷನ್. ನರ, ಅಂದರೆ ರಕ್ತನಾಳ, ಎದ್ದು ಕಾಣುವುದು ವ್ಯಾಸ್ಕ್ಯುಲಾರಿಟಿ. ಹೊಸಬರು ಮೂರನೆಯದರ ಬೆನ್ನು ಹತ್ತುತ್ತಾರೆ. ನಿಜವಾದ ಕಂಡೀಷನಿಂಗ್ ಕಾಣುವುದು ತೊಡೆಯ ಹಿಂಭಾಗ, ನಿತಂಬ ಮತ್ತು ಕೆಳಬೆನ್ನಿನಲ್ಲಿ, ಏಕೆಂದರೆ ಹೆಚ್ಚಿನ ಪುರುಷರಲ್ಲಿ ಕೊಬ್ಬು ಕೊನೆಗೆ ಕರಗುವ ಜಾಗಗಳು ಅವು. ತೋಳಿನ ನರ ನೋಡಿ ಸಿದ್ಧನಾದೆ ಎಂದುಕೊಂಡವರು ಬೆನ್ನು ತಿರುಗಿಸಿದೊಡನೆ ಸ್ಥಾನ ಕಳೆದುಕೊಳ್ಳುತ್ತಾರೆ.

ಅಂಕದ ಲೆಕ್ಕ ಹೊಸಬರಿಗೆ ವಿಚಿತ್ರವಾಗಿ ತೋರುತ್ತದೆ: ಕಡಿಮೆ ಅಂಕ ಪಡೆದವರು ಗೆಲ್ಲುತ್ತಾರೆ. ಪ್ರತಿ ತೀರ್ಪುಗಾರರೂ ಮೊದಲ ಸ್ಥಾನಕ್ಕೆ 1, ಎರಡನೆಯದಕ್ಕೆ 2 ಎಂದು ಬರೆಯುತ್ತಾರೆ. ಪಕ್ಷಪಾತ ತಪ್ಪಿಸಲು ತುದಿಯ ಅಂಕಗಳನ್ನು, ಅಂದರೆ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಕೈಬಿಟ್ಟು ಉಳಿದುದನ್ನು ಕೂಡಿಸುವ ಪದ್ಧತಿ ಅನೇಕ ಕಡೆ ಇದೆ.

ಹಂತ 4: ಸ್ಪರ್ಧೆಯ ದಿನದಿಂದ ಹಿಂದಕ್ಕೆ ಎಣಿಸಿ

ಸ್ನಾಯು ಕಟ್ಟುವ ಕಾಲ ಆಫ್ ಸೀಸನ್. ಅಲ್ಲಿ ತುಸು ಹೆಚ್ಚು ತಿಂದು ತೂಕ ಏರಿಸುವುದು ಬಲ್ಕಿಂಗ್. ಸ್ನಾಯು ಉಳಿಸಿಕೊಂಡು ಕೊಬ್ಬು ಇಳಿಸುವುದು ಕಟಿಂಗ್. ಸ್ಪರ್ಧೆಗೆಂದೇ ಮಾಡುವ ಕಟಿಂಗ್ ಅವಧಿಯನ್ನು ಪ್ರೆಪ್ ಎನ್ನುತ್ತಾರೆ.

ಮೊದಲ ಪ್ರೆಪ್‌ಗೆ 12 ವಾರ ಸಾಕೆಂಬ ಮಾತು ಎಲ್ಲೆಡೆ ಕೇಳುತ್ತದೆ. ಹೆಚ್ಚಿನವರಿಗೆ ಅದು ಸಾಲುವುದಿಲ್ಲ. ತಮ್ಮ ಮೈಯಲ್ಲಿ ಎಷ್ಟು ಕೊಬ್ಬಿದೆ ಎಂದು ಹೊಸಬರು ಅಂದಾಜಿಸುವುದು ಯಾವಾಗಲೂ ಕಡಿಮೆಯೇ. 16ರಿಂದ 24 ವಾರ ಇಟ್ಟುಕೊಳ್ಳಿ. ಒಂದೆರಡು ವಾರ ಮೊದಲೇ ಸಿದ್ಧರಾದರೆ ಊಟ ಸ್ವಲ್ಪ ಹೆಚ್ಚಿಸಿ ಕಾಯಬಹುದು. ತಡವಾದರೆ ಉಳಿಯುವುದು ಕೆಟ್ಟ ದಾರಿಗಳು ಮಾತ್ರ.

ಹಂತ 5: ಕೊಬ್ಬು ನಿಧಾನವಾಗಿ ಇಳಿಸಿ

ಬೇಕಾದ ಸಾಧನಗಳು ಸರಳ: ದೇಹತೂಕದ ಯಂತ್ರ, ಆಹಾರ ತೂಗುವ ಅಡುಗೆ ತಕ್ಕಡಿ, ಅಳತೆ ಪಟ್ಟಿ, ಒಂದು ನೋಟ್‌ಬುಕ್, ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ಒಂದೇ ಬೆಳಕಿನಲ್ಲಿ ತೆಗೆದ ಫೋಟೊ.

ಮೊದಲ ಒಂದು ವಾರ ಏನನ್ನೂ ಬದಲಿಸದೆ, ಈಗ ತಿನ್ನುತ್ತಿರುವುದನ್ನು ತೂಗಿ ಬರೆಯಿರಿ. ಆಮೇಲೆ ದಿನದ ಕ್ಯಾಲೊರಿ ಸ್ವಲ್ಪ ತಗ್ಗಿಸಿ. ವಾರಕ್ಕೆ ದೇಹತೂಕದ ಶೇ. 0.5ರಿಂದ 1ರಷ್ಟು ಇಳಿದರೆ ವೇಗ ಸರಿಯಾಗಿದೆ. 80 ಕಿಲೊ ಇರುವವರಿಗೆ ಇದು ವಾರಕ್ಕೆ 400ರಿಂದ 800 ಗ್ರಾಂ. ಅದಕ್ಕಿಂತ ವೇಗವಾಗಿ ಇಳಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುವ ಸಾಧ್ಯತೆ ಹೆಚ್ಚು. ದಿನದಿನದ ತೂಕ ನೀರು ಮತ್ತು ಉಪ್ಪಿನಿಂದ ಏರಿಳಿಯುತ್ತದೆ, ಆದ್ದರಿಂದ ವಾರದ ಸರಾಸರಿಯನ್ನು ವಾರದ ಸರಾಸರಿಯೊಡನೆ ಹೋಲಿಸಿ.

ಪ್ರೊಟೀನ್ ಪ್ರಮಾಣವನ್ನು ಕೊಬ್ಬು ಕಳೆದ ದೇಹತೂಕದ ಮೇಲೆ ಲೆಕ್ಕ ಹಾಕುವುದು ವಾಡಿಕೆ. ಪ್ರೆಪ್‌ನಲ್ಲಿ ಪ್ರತಿ ಕಿಲೊಗೆ 2.3ರಿಂದ 3.1 ಗ್ರಾಂ ಎಂಬ ಶಿಫಾರಸಿದೆ. ಒಟ್ಟು ಕ್ಯಾಲೊರಿಯಲ್ಲಿ ಶೇ. 15ರಿಂದ 30 ಕೊಬ್ಬಿನಿಂದ ಬರಲಿ. ಉಳಿದದ್ದು ಪಿಷ್ಟ, ಅಂದರೆ ಕಾರ್ಬ್. ಪಿಷ್ಟವನ್ನು ಪೂರ್ತಿ ಬಿಡುವವರು ತಾಲೀಮಿನಲ್ಲಿ ಬೇಗ ಸೋಲುತ್ತಾರೆ. ಆಗೀಗ ಒಂದೆರಡು ದಿನ ಪಿಷ್ಟ ಹೆಚ್ಚಿಸುವುದಕ್ಕೆ ರೀಫೀಡ್ ಎನ್ನುತ್ತಾರೆ. ಅದಕ್ಕೂ ತೂಕ, ಲೆಕ್ಕ ಇದೆ. ಮನಸ್ಸು ಬಂದಂತೆ ತಿಂದ ದಿನಕ್ಕೆ ಆ ಹೆಸರು ಕೊಡಬೇಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ಪ್ರೆಪ್ ಶುರುವಾದೊಡನೆ ಹಗುರ ಭಾರ, ಲೆಕ್ಕವಿಲ್ಲದಷ್ಟು ಬಾರಿ ಎತ್ತುವುದು. ಸ್ನಾಯುವಿನ ಗೆರೆಗಳು ಕಾಣಲೆಂದು ಹೀಗೆ ಮಾಡುತ್ತಾರಂತೆ. ಸ್ನಾಯು ಕಟ್ಟಿದ ತಾಲೀಮೇ ಅದನ್ನು ಉಳಿಸುತ್ತದೆ. ಭಾರವನ್ನು ಸಾಧ್ಯವಾದಷ್ಟು ಕಾಲ ಹಾಗೆಯೇ ಇಟ್ಟುಕೊಳ್ಳಿ. ಕೊಬ್ಬನ್ನು ಇಳಿಸುವ ಕೆಲಸ ಊಟಕ್ಕೂ ಕಾರ್ಡಿಯೊಗೂ (ನಡಿಗೆ, ಓಟದಂಥ ಉಸಿರೇರಿಸುವ ವ್ಯಾಯಾಮಕ್ಕೂ) ಇರಲಿ. ಕಾರ್ಡಿಯೊವನ್ನೂ ಮೊದಲ ದಿನವೇ ಗರಿಷ್ಠಕ್ಕೆ ಏರಿಸಬೇಡಿ, ತೂಕ ನಿಂತಾಗ ಸೇರಿಸಲು ಏನಾದರೂ ಉಳಿದಿರಬೇಕು.

ಹಸಿವು, ಚಳಿ, ಸಿಡುಕು, ನಿದ್ರೆಯ ಕೊರತೆ ಪ್ರೆಪ್‌ನ ಕೊನೆಯಲ್ಲಿ ಬಹುಮಂದಿಗೆ ಬರುತ್ತವೆ. ಆದರೆ ಎದೆಬಡಿತ ತಾಳ ತಪ್ಪುವುದು, ಎದ್ದು ನಿಂತಾಗ ಕಣ್ಣು ಕತ್ತಲಿಡುವುದು, ಪ್ರಜ್ಞೆ ತಪ್ಪುವುದು, ಬಿಡದೆ ಕಾಡುವ ಸ್ನಾಯುಸೆಳೆತ ಇವು ಸಹಿಸಿಕೊಳ್ಳುವ ವಿಷಯಗಳಲ್ಲ; ತರಬೇತುದಾರರಿಗೆ ಫೋನ್ ಮಾಡುವ ಮೊದಲು ವೈದ್ಯರ ಬಳಿ ಹೋಗಿ. ಮಹಿಳೆಯರಲ್ಲಿ ಮುಟ್ಟು ನಿಲ್ಲುವುದು ದೇಹಕ್ಕೆ ಶಕ್ತಿ ಸಾಲುತ್ತಿಲ್ಲ ಎಂಬ ಸೂಚನೆ. ಪ್ರೆಪ್‌ನಲ್ಲಿ ಇದು ಸಹಜ ಎಂದು ಹೇಳಿ ತಳ್ಳಿಹಾಕುವ ತರಬೇತುದಾರರನ್ನು ಬದಲಾಯಿಸಿ.

ಹಂತ 6: ಪೋಸ್‌ಗಳನ್ನು ಮೊದಲ ವಾರದಿಂದಲೇ ಕಲಿಯಿರಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದಲು ಸಮಯವಿದ್ದರೆ ಇದನ್ನು ಓದಿ. ತೋರಿಸಲಾಗದ ಸ್ನಾಯುವಿಗೆ ಅಂಕವಿಲ್ಲ. ಒಂದು ತಿಂಗಳ ಊಟದ ಕಟ್ಟುನಿಟ್ಟಿನಿಂದ ಬರದ ಬದಲಾವಣೆ ಕೆಲವೊಮ್ಮೆ ಪಾದದ ಕೋನ ಸರಿಪಡಿಸಿದರೆ ಬರುತ್ತದೆ.

ಮೊದಲು ಕ್ವಾರ್ಟರ್ ಟರ್ನ್. ಮುಂದೆ ನೋಡಿ ನಿಂತು, ಪ್ರತಿ ಸೂಚನೆಗೂ ಬಲಕ್ಕೆ ಕಾಲುಸುತ್ತು ತಿರುಗುತ್ತ ನಾಲ್ಕೂ ದಿಕ್ಕು ತೋರಿಸುವುದು. ಕೈಗಳು ಇಳಿಬಿದ್ದಿದ್ದರೂ ತೊಡೆ, ಹೊಟ್ಟೆ, ಬೆನ್ನಿನ ರೆಕ್ಕೆ (ಬೆನ್ನಿನ ಎರಡು ಬದಿಯ ಅಗಲ ಸ್ನಾಯು, ಲ್ಯಾಟ್) ಎಲ್ಲವೂ ಬಿಗಿಯಾಗಿಯೇ ಇರಬೇಕು. ತೀರ್ಪುಗಾರರು ಬೇರೆಯವರನ್ನು ನೋಡುತ್ತಿದ್ದಾರೆಂದು ಹೊಟ್ಟೆ ಸಡಿಲಿಸಿದ ಕ್ಷಣದಲ್ಲೇ ಯಾರಾದರೊಬ್ಬರ ಕಣ್ಣು ನಿಮ್ಮ ಮೇಲೆ ಬೀಳುತ್ತದೆ.

ಆಮೇಲೆ ಕಡ್ಡಾಯ ಪೋಸ್‌ಗಳು. ಪುರುಷರ ಬಾಡಿಬಿಲ್ಡಿಂಗ್‌ನಲ್ಲಿ ಐಎಫ್‌ಬಿಬಿ ನಿಯಮದಂತೆ ಏಳು: ಫ್ರಂಟ್ ಡಬಲ್ ಬೈಸೆಪ್ಸ್, ಫ್ರಂಟ್ ಲ್ಯಾಟ್ ಸ್ಪ್ರೆಡ್, ಸೈಡ್ ಚೆಸ್ಟ್, ಬ್ಯಾಕ್ ಡಬಲ್ ಬೈಸೆಪ್ಸ್, ಬ್ಯಾಕ್ ಲ್ಯಾಟ್ ಸ್ಪ್ರೆಡ್, ಸೈಡ್ ಟ್ರೈಸೆಪ್ಸ್, ಆಬ್ಡಾಮಿನಲ್ಸ್ ಅಂಡ್ ಥೈಸ್. ಪ್ರೊ ಲೀಗ್ ಪದ್ಧತಿಯ ಸ್ಪರ್ಧೆಗಳಲ್ಲಿ ಮೋಸ್ಟ್ ಮಸ್ಕ್ಯುಲರ್ ಎಂಟನೆಯದಾಗಿ ಸೇರುತ್ತದೆ.

ಯಾವ ಪೋಸನ್ನೂ ಪಾದದಿಂದ ಮೇಲಕ್ಕೆ ಕಟ್ಟಬೇಕು. ಮೊದಲು ಪಾದ ಊರಿ, ಮೀನಖಂಡ, ತೊಡೆ, ನಿತಂಬ, ಹೊಟ್ಟೆ, ಬೆನ್ನು, ಕೊನೆಗೆ ತೋಳು. ಹೊಸಬರು ತೋಳಿನಿಂದ ಶುರುಮಾಡಿ ಕಾಲನ್ನು ಮರೆಯುತ್ತಾರೆ. ಪ್ರತಿಯೊಂದು ಪೋಸ್‌ನಲ್ಲಿ ತಪ್ಪುವ ಜಾಗಗಳೂ ಬಹುಮಟ್ಟಿಗೆ ಗೊತ್ತಿರುವವೇ.

ಫ್ರಂಟ್ ಡಬಲ್ ಬೈಸೆಪ್ಸ್‌ನಲ್ಲಿ ಮೊಣಕೈ ಭುಜಕ್ಕಿಂತ ಕೆಳಗೆ ಜಾರುತ್ತದೆ, ಬೆನ್ನಿನ ರೆಕ್ಕೆ ಮುಚ್ಚಿಹೋಗುತ್ತದೆ. ಲ್ಯಾಟ್ ಸ್ಪ್ರೆಡ್‌ನಲ್ಲಿ ಸೊಂಟದ ಮೇಲೆ ಕೈಯಿಟ್ಟು ಭುಜವನ್ನು ಕಿವಿಯವರೆಗೆ ಎತ್ತುತ್ತಾರೆ. ಭುಜ ಕೆಳಗಿಳಿಸಿ ಮೊಣಕೈಯನ್ನು ಮುಂದಕ್ಕೆ ತಳ್ಳಿದರೆ ಮಾತ್ರ ಬೆನ್ನು ಬಿಚ್ಚಿಕೊಳ್ಳುತ್ತದೆ. ಇದು ತಿಂಗಳುಗಟ್ಟಲೆ ಬಾರದ ಪೋಸ್, ಬೇಸರಿಸಬೇಡಿ. ಸೈಡ್ ಚೆಸ್ಟ್‌ನಲ್ಲಿ ತೀರ್ಪುಗಾರರ ಕಡೆಯ ಕಾಲನ್ನು ಬಗ್ಗಿಸಿ ಹಿಮ್ಮಡಿ ಎತ್ತಿ ಮೀನಖಂಡ ಬಿಗಿಯಬೇಕು. ಎದೆಯನ್ನು ಮೇಲೆತ್ತಿ ಸ್ವಲ್ಪ ಅವರ ಕಡೆಗೆ ತಿರುಗಿಸಬೇಕು.

ಬೆನ್ನು ತೋರಿಸುವ ಎರಡು ಪೋಸ್‌ಗಳಲ್ಲಿ ಒಂದು ಕಾಲನ್ನು ಹಿಂದಕ್ಕಿಟ್ಟು ಬೆರಳ ಮೇಲೆ ನಿಲ್ಲಿ. ಮೇಲಿನ ದೀಪದ ಬೆಳಕು ಬೆನ್ನಿನ ಮೇಲೆ ಬೀಳುವಂತೆ ತುಸು ಹಿಂದಕ್ಕೆ ವಾಲಿ. ಮುಂದಕ್ಕೆ ಬಾಗಿದರೆ ಕಷ್ಟಪಟ್ಟು ಮಾಡಿದ ಕೆಳಬೆನ್ನು ಕತ್ತಲಲ್ಲಿ ಮುಳುಗುತ್ತದೆ. ಈ ಪೋಸ್‌ಗಳು ಕನ್ನಡಿಯಲ್ಲಿ ನಿಮಗೆ ಕಾಣುವುದಿಲ್ಲವಾದ್ದರಿಂದ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ. ಆಬ್ಡಾಮಿನಲ್ಸ್ ಅಂಡ್ ಥೈಸ್‌ನಲ್ಲಿ ಕೈಗಳನ್ನು ತಲೆಯ ಹಿಂದಿಟ್ಟು, ಉಸಿರನ್ನು ಪೂರ್ತಿ ಹೊರಬಿಟ್ಟು, ಆಮೇಲೆ ಹೊಟ್ಟೆ ಬಿಗಿಯಿರಿ. ಉಸಿರು ಒಳಗಿಟ್ಟುಕೊಂಡು ಬಿಗಿದರೆ ಹೊಟ್ಟೆ ಉಬ್ಬಿ ಕಾಣುತ್ತದೆ. ಹೊಟ್ಟೆಯನ್ನು ಪಕ್ಕೆಲುಬಿನಡಿ ಒಳಕ್ಕೆಳೆದು ಹಿಡಿಯುವುದಕ್ಕೆ ವ್ಯಾಕ್ಯೂಮ್ ಎನ್ನುತ್ತಾರೆ. ಕ್ಲಾಸಿಕ್ ವಿಭಾಗದವರು ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಭ್ಯಾಸ ಮಾಡಲಿ.

ಅಭ್ಯಾಸದ ಕ್ರಮ: ಪ್ರೆಪ್‌ನ ಆರಂಭದಲ್ಲಿ ದಿನಕ್ಕೆ 10 ನಿಮಿಷ, ಕೊನೆಯ ಆರು ವಾರಗಳಲ್ಲಿ 20ರಿಂದ 30 ನಿಮಿಷ. ಮೊದಲು ಕನ್ನಡಿಯ ಮುಂದೆ, ಬಳಿಕ ಕನ್ನಡಿಯಿಲ್ಲದೆ. ಪ್ರತಿ ಪೋಸನ್ನೂ 20ರಿಂದ 30 ಸೆಕೆಂಡು ಹಿಡಿದು, ಮುಖದಲ್ಲಿ ನೋವು ತೋರದೆ, ಚಿಕ್ಕ ಉಸಿರು ತೆಗೆದುಕೊಳ್ಳುತ್ತ ನಿಲ್ಲಲು ಬರಬೇಕು. ವೇದಿಕೆಯ ಮೇಲೆ ನಡುಗುವ ಕಾಲು ಅಭ್ಯಾಸವಿಲ್ಲದ ಕಾಲು.

ಸಂಗೀತಕ್ಕೆ ಮಾಡುವ ಸ್ವಂತ ಪ್ರದರ್ಶನವನ್ನು ಪೋಸಿಂಗ್ ರೂಟೀನ್ ಎನ್ನುತ್ತಾರೆ, ಅನೇಕ ಕಡೆ 60 ಸೆಕೆಂಡಿನ ಮಿತಿ ಇರುತ್ತದೆ. ಮೆನ್ಸ್ ಫಿಸೀಕ್ ಮತ್ತು ಬಿಕಿನಿ ವಿಭಾಗದವರಿಗೆ ನಡಿಗೆ, ತಿರುಗುವಿಕೆ, ಮುಖಭಾವ ಇವೇ ಪೋಸಿಂಗ್. ಬಿಕಿನಿ ಸ್ಪರ್ಧಿಗಳು ಸ್ಪರ್ಧೆಗೆ ತೊಡುವ ಹಿಮ್ಮಡಿ ಚಪ್ಪಲಿಯಲ್ಲೇ ಅಭ್ಯಾಸ ಮಾಡಬೇಕು.

ಹಂತ 7: ಚೀಲ ಸಿದ್ಧಪಡಿಸಿ

ಟ್ರಂಕ್ಸ್ (ಪುರುಷರು ವೇದಿಕೆಯಲ್ಲಿ ತೊಡುವ ಚಿಕ್ಕ ಚಡ್ಡಿ) ಅಥವಾ ಬಿಕಿನಿ ಎರಡು ಜೊತೆ, ಗಾಢ ಬಣ್ಣದ ಸಡಿಲ ಬಟ್ಟೆ, ರಬ್ಬರ್ ಬ್ಯಾಂಡ್, ಹಳೆಯ ಟವೆಲ್ ಮತ್ತು ಹೊದಿಕೆ, ಪಿನ್ನುಗಳು, ಸಂಗೀತದ ಎರಡು ಪ್ರತಿ, ಗುರುತಿನ ಚೀಟಿ, ಅಭ್ಯಾಸವಿರುವ ಆಹಾರ, ನೀರು. ಉಡುಪನ್ನು ಕೊನೆಯ ತಿಂಗಳಲ್ಲಿ ಒಮ್ಮೆ ತೊಟ್ಟು ನೋಡಿ. ಪ್ರೆಪ್‌ನ ಆರಂಭದಲ್ಲಿ ಕೊಂಡದ್ದು ಈಗ ಸಡಿಲವಾಗಿರುತ್ತದೆ.

ಕೃತಕ ಕಂದುಬಣ್ಣ, ಅಂದರೆ ಟ್ಯಾನ್, ಎಲ್ಲ ಚರ್ಮದವರಿಗೂ ಬೇಕು. ವೇದಿಕೆಯ ಪ್ರಖರ ಬೆಳಕು ಸ್ನಾಯುಗಳ ನೆರಳನ್ನು ತೊಳೆದುಬಿಡುತ್ತದೆ, ಒಂದೇ ಹದದ ಗಾಢ ಬಣ್ಣ ಆ ಗೆರೆಗಳನ್ನು ಮರಳಿ ಕಾಣಿಸುತ್ತದೆ. ಕೂದಲನ್ನು ಒಂದೆರಡು ದಿನ ಮೊದಲೇ ತೆಗೆಯಿರಿ. ಬಣ್ಣ ಹಚ್ಚುವ ದಿನ ಲೋಷನ್, ಡಿಯೊಡರೆಂಟ್ ಬೇಡ. ಅವು ಇದ್ದ ಜಾಗದಲ್ಲಿ ಬಣ್ಣ ಹಸಿರುಗಟ್ಟಬಹುದು ಅಥವಾ ತೇಪೆ ಏಳಬಹುದು. ತೆಳುವಾಗಿ ಹಲವು ಪದರ ಹಚ್ಚಿ, ಪ್ರತಿ ಪದರ ಒಣಗಲು ಬಿಡಿ. ಉಜ್ಜಿದರೆ ಅಳಿಯುವ ಬಣ್ಣವನ್ನು ಕೆಲವು ಸಂಸ್ಥೆಗಳು ನಿಷೇಧಿಸಿವೆ.

ಹಂತ 8: ಕೊನೆಯ ವಾರದಲ್ಲಿ ಹೊಸದೇನನ್ನೂ ಮಾಡಬೇಡಿ

ಸ್ಪರ್ಧೆಗೆ ಮೊದಲಿನ ಏಳು ದಿನ ಪೀಕ್ ವೀಕ್. ತಿಂಗಳುಗಳ ಕೆಲಸ ಕೆಡುವುದು ಸಾಮಾನ್ಯವಾಗಿ ಇಲ್ಲೇ.

ತರ್ಕ ಹೀಗಿದೆ: ಪಿಷ್ಟ ಸ್ನಾಯುವಿನಲ್ಲಿ ಗ್ಲೈಕೊಜನ್ ಆಗಿ ಶೇಖರವಾಗುತ್ತದೆ. ಪ್ರತಿ ಗ್ರಾಂ ಗ್ಲೈಕೊಜನ್ ಜೊತೆ ಸುಮಾರು 3 ಗ್ರಾಂ ನೀರು ಸ್ನಾಯುವಿನೊಳಕ್ಕೆ ಹೋಗುತ್ತದೆ, ಆದ್ದರಿಂದ ಸ್ನಾಯು ತುಂಬಿ ಕಾಣುತ್ತದೆ. ಕೊನೆಯ ಎರಡು ಮೂರು ದಿನ ಪಿಷ್ಟ ಹೆಚ್ಚಿಸುವ ಕಾರ್ಬ್ ಲೋಡಿಂಗ್‌ನ ಉದ್ದೇಶ ಇದೇ. ಕಡಿಮೆಯಾದರೆ ಸ್ನಾಯು ಚಪ್ಪಟೆಯಾಗಿ ಕಾಣುತ್ತದೆ, ಅದಕ್ಕೆ ಫ್ಲ್ಯಾಟ್ ಎನ್ನುತ್ತಾರೆ. ಅತಿಯಾದರೆ ಗೆರೆಗಳು ಮಸುಕಾಗುತ್ತವೆ, ಅದು ಸ್ಪಿಲ್ ಓವರ್.

ಈಗ ನೀರಿನ ವಿಷಯ. ಚರ್ಮದಡಿಯ ನೀರನ್ನು ಮಾತ್ರ ತೆಗೆಯಬಹುದೆಂದು ನಂಬಿ ಹಿಂದಿನ ದಿನ ನೀರು, ಉಪ್ಪು ಎರಡನ್ನೂ ನಿಲ್ಲಿಸುತ್ತಾರೆ. ದೇಹ ಹಾಗೆ ಆರಿಸಿ ತೆಗೆಯುವುದಿಲ್ಲ. ಸ್ನಾಯುವಿನ ಸುಮಾರು ಮುಕ್ಕಾಲು ಭಾಗ ನೀರೇ ಆಗಿರುವಾಗ ನೀರು ನಿಲ್ಲಿಸಿದರೆ ಸ್ನಾಯುವೇ ಕುಗ್ಗುತ್ತದೆ, ಪಂಪ್ (ತಾಲೀಮಿನಿಂದ ರಕ್ತ ತುಂಬಿ ಸ್ನಾಯು ಉಬ್ಬುವುದು) ಬರುವುದಿಲ್ಲ, ಸೆಳೆತ ಬರುತ್ತದೆ. ಮಸುಕಾಗಿ ಕಾಣುವ ಹೆಚ್ಚಿನವರಲ್ಲಿ ಅಡ್ಡವಿರುವುದು ನೀರಲ್ಲ, ಇನ್ನೂ ಕರಗದ ಕೊಬ್ಬು.

ಮೂತ್ರವರ್ಧಕ ಮಾತ್ರೆಗಳನ್ನು ಯಾರೇ ಕೊಟ್ಟರೂ ಬೇಡ ಎನ್ನಿ. ಅವು ಪೊಟ್ಯಾಸಿಯಂ ಸಮತೋಲನ ಕೆಡಿಸಿ ಹೃದಯದ ತಾಳ ತಪ್ಪಿಸಬಲ್ಲವು. ವೃತ್ತಿಪರ ಪಟು ಮೊಹಮ್ಮದ್ ಬೆನಜೀಜಾ 1992ರಲ್ಲಿ ನೆದರ್ಲೆಂಡ್ಸ್‌ನ ಸ್ಪರ್ಧೆಯೊಂದನ್ನು ಗೆದ್ದ ಕೆಲವೇ ಗಂಟೆಗಳಲ್ಲಿ ತೀರಿಕೊಂಡರು. ಮೂತ್ರವರ್ಧಕದಿಂದಾದ ನಿರ್ಜಲೀಕರಣವೇ ಕಾರಣವೆಂದು ವರದಿಯಾಯಿತು. ವಾಡಾದ ನಿಷೇಧಿತ ಪಟ್ಟಿಯಲ್ಲೂ ಇವು ಇವೆ.

ಮೊದಲ ಸ್ಪರ್ಧೆಗೆ ಸುರಕ್ಷಿತ ಯೋಜನೆ ಇಷ್ಟು: ನೀರು ಮತ್ತು ಉಪ್ಪು ಎಂದಿನಂತೆ, ಭಾರವಾದ ಕಾಲಿನ ತಾಲೀಮು ವಾರದ ಆರಂಭದಲ್ಲೇ ಮುಗಿಯಲಿ, ಪಿಷ್ಟದ ಹೆಚ್ಚಳ ಮಿತವಾಗಿರಲಿ, ಅದನ್ನೂ ಮೂರು ನಾಲ್ಕು ವಾರ ಮೊದಲೇ ಒಮ್ಮೆ ಪ್ರಯೋಗಿಸಿ ನೋಡಿರಬೇಕು. ಇದುವರೆಗೆ ತಿಂದು ಗೊತ್ತಿಲ್ಲದ ಆಹಾರ ಈ ವಾರ ಬೇಡವೇ ಬೇಡ.

ಹಂತ 9: ಸ್ಪರ್ಧೆಯ ದಿನ

ತೂಕ ಮತ್ತು ಎತ್ತರ ನೋಡುವುದು ಹಿಂದಿನ ದಿನ ಅಥವಾ ಅಂದು ಬೆಳಿಗ್ಗೆ. ಅಲ್ಲಿಯೇ ಸ್ಪರ್ಧಾ ಸಂಖ್ಯೆ ಕೊಡುತ್ತಾರೆ, ಅದನ್ನು ಟ್ರಂಕ್ಸ್‌ಗೆ ಸಿಕ್ಕಿಸಿಕೊಳ್ಳಬೇಕು. ನಿಮ್ಮ ವಿಭಾಗದ ಮೊದಲು ಎಷ್ಟು ವಿಭಾಗಗಳಿವೆ ಎಂದು ಕೇಳಿ ಬರೆದುಕೊಳ್ಳಿ. ವೇಳಾಪಟ್ಟಿ ಸರಿಯುವುದು ಸಾಮಾನ್ಯ, ಗಡಿಯಾರವನ್ನು ನಂಬಬೇಡಿ.

ವೇದಿಕೆಗೆ 20ರಿಂದ 30 ನಿಮಿಷ ಮೊದಲು ಬ್ಯಾಂಡ್ ಹಿಡಿದು ಭುಜ, ಬೆನ್ನು, ಎದೆ, ತೋಳುಗಳಿಗೆ ಹಗುರ ಪಂಪ್ ಮಾಡಿ. ತೊಡೆಗೆ ಬೇಡ, ಗೆರೆ ಮಸುಕಾಗುತ್ತದೆ, ಪೋಸ್ ಹಿಡಿಯುವ ಶಕ್ತಿಯೂ ಹೋಗುತ್ತದೆ. ಬೆವರು ಬಂದರೆ ನಿಲ್ಲಿಸಿ, ಬಣ್ಣ ಇಳಿಯುತ್ತದೆ.

ಸ್ಥಾನಗಳು ಬಹುಪಾಲು ನಿರ್ಧಾರವಾಗುವುದು ಪ್ರೀಜಡ್ಜಿಂಗ್ ಸುತ್ತಿನಲ್ಲಿ. ಮುಖ್ಯ ತೀರ್ಪುಗಾರರು ಸಂಖ್ಯೆ ಕೂಗಿ ಕೆಲವರನ್ನು ಮುಂದೆ ಕರೆದು ಹೋಲಿಸುತ್ತಾರೆ, ಇದೇ ಕಾಲ್‌ಔಟ್. ಮೊದಲ ಕಾಲ್‌ಔಟ್‌ನಲ್ಲಿ ಕರೆದರೆ ಸಾಮಾನ್ಯವಾಗಿ ಮೇಲಿನ ಸ್ಥಾನಗಳ ಪೈಪೋಟಿಯಲ್ಲಿದ್ದೀರಿ ಎಂದರ್ಥ, ನಡುವೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ನಿಮ್ಮ ಸಂಖ್ಯೆಯನ್ನು ಎರಡು ಸಲ ಕೂಗುವ ಹಾಗೆ ಮಾಡಬೇಡಿ. ಹಿಂದಿನ ಸಾಲಿಗೆ ಕಳಿಸಿದ ಮೇಲೂ ಬಿಗಿಯಾಗಿಯೇ ನಿಲ್ಲಿ. ಪಕ್ಕದವರು ಮುಂದೆ ಜರುಗಿದರೆ ಗೆರೆ ದಾಟಿ ಅವರನ್ನು ಹಿಂಬಾಲಿಸಬೇಡಿ.

ಸಂಜೆಯ ಫೈನಲ್ಸ್‌ನಲ್ಲಿ ರೂಟೀನ್ ಮತ್ತು ಬಹುಮಾನ. ಎಲ್ಲ ಕಡ್ಡಾಯ ಪೋಸ್‌ಗಳು ಮುಗಿದ ಮೇಲೆ ಸ್ಪರ್ಧಿಗಳು ಸ್ವಂತ ಇಷ್ಟದಂತೆ ಪೋಸ್ ಕೊಡುವುದು ಪೋಸ್‌ಡೌನ್. ವಿಭಾಗದೊಳಗಿನ ತರಗತಿಗಳ ವಿಜೇತರು ಮತ್ತೆ ಎದುರಾಗಿ ಗೆಲ್ಲುವ ಪ್ರಶಸ್ತಿಯೇ ಓವರಾಲ್.

ಹಂತ 10: ಮರುದಿನದಿಂದ

ಫಲಿತಾಂಶದ ಬಳಿಕ ತೀರ್ಪುಗಾರರನ್ನು ಭೇಟಿ ಮಾಡಿ, ಸ್ಥಾನದ ಬಗ್ಗೆ ವಾದಿಸದೆ ಒಂದೇ ಪ್ರಶ್ನೆ ಕೇಳಿ: ನನಗಿಂತ ಒಂದು ಸ್ಥಾನ ಮುಂದಿದ್ದವರಲ್ಲಿ ನನ್ನಲ್ಲಿಲ್ಲದ್ದು ಏನು? ಉತ್ತರವನ್ನು ಅಲ್ಲಿಯೇ ಬರೆದುಕೊಳ್ಳಿ.

ಊಟದ ಕಟ್ಟು ಬಿಚ್ಚಿದೊಡನೆ ವಾರದೊಳಗೆ ಹಲವು ಕಿಲೊ ಏರಿ, ಪಾದ ಊದಿಕೊಂಡು ಕಂಗಾಲಾಗುವವರು ಬಹಳ. ತಿಂಗಳುಗಳ ಅರೆಹೊಟ್ಟೆಯ ಬಳಿಕ ಹಸಿವು ಹೊಟ್ಟೆ ತುಂಬಿದರೂ ನಿಲ್ಲುವುದಿಲ್ಲ. ಆದ್ದರಿಂದ ಸ್ಪರ್ಧೆಯ ನಂತರದ ನಾಲ್ಕು ವಾರಗಳ ಊಟವನ್ನು ಸ್ಪರ್ಧೆಗೆ ಮೊದಲೇ ಬರೆದಿಡಿ: ಮೊದಲ ವಾರದಲ್ಲೇ ಕ್ಯಾಲೊರಿಯನ್ನು ತೂಕ ನಿಲ್ಲುವ ಮಟ್ಟಕ್ಕೆ ಹತ್ತಿರ ತನ್ನಿ, ಕಾರ್ಡಿಯೊ ಅರ್ಧಕ್ಕಿಳಿಸಿ, ತಾಲೀಮು ಹಗುರವಾಗಿರಲಿ. ವೇದಿಕೆಯ ತೂಕವನ್ನು ವರ್ಷವಿಡೀ ಉಳಿಸಿಕೊಳ್ಳಲು ಹೋಗಬೇಡಿ. ಮುಟ್ಟು ನಿಂತಿದ್ದರೆ, ನಿದ್ರೆ ಮತ್ತು ಲೈಂಗಿಕ ಆಸಕ್ತಿ ಮರಳದಿದ್ದರೆ, ಮನಸ್ಸು ವಾರಗಟ್ಟಲೆ ಕುಗ್ಗಿದ್ದರೆ ಮುಂದಿನ ಸ್ಪರ್ಧೆಯ ದಿನಾಂಕ ಹುಡುಕುವ ಮೊದಲು ವೈದ್ಯರ ಭೇಟಿಯ ದಿನಾಂಕ ಗೊತ್ತುಮಾಡಿಕೊಳ್ಳಿ.